ಯಾರಿಗೂ ಕೇಳಿಸದ ಪೀಪಿ

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಪಕ್ಕದಲ್ಲೇ ಗೌರಮ್ಮ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆಯುತ್ತಿದ್ದಳು. ಆಗೆಲ್ಲ ನಮ್ಮ ಜಾಲಹಳ್ಳಿಯ ಕ್ವಾರ್ಟರ್ಸಿಗೆ ಹಾಲು ತನ್ನ ಕಾಲಿನ ಮೇಲೆ ತಾನೇ ನಡೆದು ಬರುತ್ತಿತ್ತು. ಗೌರಮ್ಮ ಹಸುವನ್ನು ಮನೆಮನೆಯ ಮುಂದೆ ನಿಲ್ಲಿಸಿ, ನಮ್ಮ ಕಣ್ಣೆದುರೇ ಕರೆದು, ಒಂದು ತೊಟ್ಟು ನೀರೂ ಸೇರಿಸಿಲ್ಲವೆಂದು ಆಣೆ ಇಟ್ಟು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ಹಸುವಿನಷ್ಟು ಸಾಧುಪ್ರಾಣಿ ಇಡೀ ಕಾಲೋನಿಯಲ್ಲಿರಲಿಲ್ಲ. ಯಲಹಂಕದ ಕಡೆಯಿಂದ ವಿಮಾನ ತಲೆಯ ಮೇಲೇ ಹಾದುಹೋದರೂ ಅದು ಮೆಲುಕು ನಿಲ್ಲಿಸುತ್ತಿರಲಿಲ್ಲ.

ಅಂಥ ಹಸು ಆವತ್ತು ಇದ್ದಕ್ಕಿದ್ದಂತೆ ಎರಡೂ ಕಿವಿ ನೆಟ್ಟಗೆ ಮಾಡಿತು, ಹಿಂಗಾಲು ಝಾಡಿಸಿತು. ಪಾತ್ರೆ ಉರುಳಿತು. ಹಾಲು ನನ್ನ ರಂಗೋಲಿಯ ನಡುವೆ ದಾರಿ ಮಾಡಿಕೊಂಡು ಹರಿಯಿತು. ಗೌರಮ್ಮ ಅಂಗಾತ ಬಿದ್ದಳು. ಅದೇ ಹೊತ್ತಿಗೆ ಮೋರಿಯ ಕೆಳಗಿನಿಂದ ಬೀದಿಯ ಕೆಂಚ ನಾಯಿ ಎದ್ದು ಬಂದು ನಮ್ಮ ಗೇಟಿನ ಮುಂದೆ ಕೂತು, ಬಾಗಿಲನ್ನೇ ನೋಡತೊಡಗಿತು.

ನಾನೂ ತಿರುಗಿ ನೋಡಿದೆ. ನಮ್ಮವರು ಬನಿಯನ್ ತೊಟ್ಟು, ಹೆಗಲ ಮೇಲೊಂದು ಟವಲು, ಬಾಯಲ್ಲೊಂದು ಬೆರಳುದ್ದದ ಹಿತ್ತಾಳೆ ಕೊಳವೆ ಇಟ್ಟುಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ಕೆನ್ನೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು. ಅಷ್ಟೆಲ್ಲ ಊದುತ್ತಿದ್ದರೂ ಸದ್ದು ಮಾತ್ರ ಇರಲಿಲ್ಲ.

"ಕೇಳಿಸ್ತಾ?" ಎಂದರು ಕೊಳವೆ ತೆಗೆದು.

"ಏನು?"

"ಪೀಪಿ."

"ಇಲ್ವಲ್ರೀ."

"ಗೌರಮ್ಮ, ನಿಂಗೆ?"

"ನನ್ ಸೊಂಟ ಲಟಕ್ ಅಂದಿದ್ದೊಂದು ಕೇಳಿಸ್ತು ಸ್ವಾಮಿ. ಇನ್ನೇನೂ ಇಲ್ಲ."

"ನಂಗೂ ಕೇಳಿಸ್ಲಿಲ್ಲ," ಎಂದರು ನಮ್ಮವರು ತೃಪ್ತಿಯಿಂದ. "ಅಂದ್ರೆ ಸರಿಯಾಗಿ ಕೆಲ್ಸ ಮಾಡ್ತಾ ಇದೆ."

ಅವರ ಬೆನ್ನ ಹಿಂದೆ ನಮ್ಮ ಲಚ್ಚಿ ಬಾಗಿಲ ಚೌಕಟ್ಟಿಗೆ ಒರಗಿ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಅಪ್ಪ ಬಾಯಿ ತೆರೆದಾಗಲೆಲ್ಲ ಅವಳು ಹಾಗೆ ಮಾಡುವುದಿತ್ತು. ನಾನು ಗೌರಮ್ಮನನ್ನು ಎಬ್ಬಿಸಲು ಹೋದೆ.

ಈ ಪೀಪಿಯ ಹುಟ್ಟೂರು ಮತ್ತಿಕೆರೆಯ ಒಂದು ಕ್ಷೌರದಂಗಡಿ. ನಮ್ಮವರು ಮತ್ತಿಕೆರೆಯಲ್ಲೇ ಹುಟ್ಟಿ ಬೆಳೆದವರು. ಕಾರ್ಖಾನೆಯ ಕೆಲಸ ಸಿಕ್ಕಿ ಕ್ವಾರ್ಟರ್ಸಿಗೆ ಬಂದ ಮೇಲೂ ತಲೆಯನ್ನು ಮಾತ್ರ ಮುನಿಗಂಗಪ್ಪನಿಗೇ ಒಪ್ಪಿಸುತ್ತಿದ್ದರು. ಮುನಿಗಂಗಪ್ಪ ಕಾಯುವವರು ಓದಲೆಂದು ಹಳೆಯ ವಾರಪತ್ರಿಕೆಗಳನ್ನು ಬೆಂಚಿನ ಮೇಲೆ ಇಟ್ಟಿರುತ್ತಿದ್ದ. ಕತ್ತಿಯ ಮೇಲಿನ ಸೋಪಿನ ನೊರೆ ಒರೆಸಲಿಕ್ಕೆ ಅದೇ ಪತ್ರಿಕೆಗಳಿಂದ ಹಾಳೆ ಹರಿದುಕೊಳ್ಳುತ್ತಿದ್ದ. ಹೀಗಾಗಿ ಅವನ ಅಂಗಡಿಯಲ್ಲಿ ಜ್ಞಾನ ಸಂಪಾದಿಸಿದ ಯಾರಿಗೂ ಯಾವ ವಿಷಯವೂ ಪೂರ್ತಿ ಗೊತ್ತಿರುತ್ತಿರಲಿಲ್ಲ. ಮತ್ತಿಕೆರೆಯ ಅನೇಕ ದೀರ್ಘ ವಾದಗಳಿಗೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಪ್ರಾಣಿಗಳ ಕಿವಿಗೆ ಲೋಕ ಹೇಗೆ ಕೇಳಿಸುತ್ತದೆ ಎಂಬ ಲೇಖನ ನಮ್ಮವರಿಗೆ ಸಿಕ್ಕಿದ್ದು ಅಲ್ಲಿ. ನಾಯಿಯ ಕಿವಿ, ಬೆಕ್ಕಿನ ಕಿವಿ, ಬಾವಲಿಯ ಕಿವಿ, ಕಿವಿಯೇ ಕಾಣದ ಹಾವು, ಎಲ್ಲವನ್ನೂ ಓದುತ್ತ ಕಡೆಗೆ ಈ ವಾಕ್ಯಕ್ಕೆ ಬಂದರು: 'ಇಂಥ ಅತಿ ಸಣ್ಣ ದನಿಯ ಪೀಪಿಯನ್ನು ಊದಿದರೆ ಮನುಷ್ಯರಿಗೆ ಏನೂ ಕೇಳಿಸದು, ಆದರೆ ಅದನ್ನು ಕೇಳಿದ ಕೂಡಲೇ ನಾಯಿಗಳು'. ಪುಟ ಅಲ್ಲಿಗೆ ಮುಗಿದಿತ್ತು. ಮುಂದಿನ ಹಾಳೆ ಇರಲಿಲ್ಲ.

"ಇದರ ಮುಂದಿನ ಹಾಳೆ ಎಲ್ಲಯ್ಯಾ?"

"ಯಾವ್ದಣ್ಣ? ಓ, ಅದಾ. ಪಿಳ್ಳಪ್ಪನೋರ ಗಡ್ಡಕ್ಕೋಯ್ತು."

"ನಾಯಿಗಳು ಏನ್ ಮಾಡ್ತವೆ ಅಂತ ಅದ್ರಲ್ಲಿತ್ತು."

ಮುನಿಗಂಗಪ್ಪ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ ಒಂದು ಕ್ಷಣ ಯೋಚಿಸಿದ. "ಇನ್ನೇನಣ್ಣ ಮಾಡ್ತವೆ. ಓಡೋಯ್ತವೆ."

ವಿಜ್ಞಾನದ ಆ ವಾಕ್ಯ ಪೂರ್ತಿಯಾದದ್ದು ಹೀಗೆ.

ಇದು ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಅದೇ ವಾರ ಕಾಲೋನಿಯ ಮೀಟಿಂಗಿನಲ್ಲಿ ನಾಯಿಗಳ ಮಾತು ಬಂತು. ಮೊದಲ ಪಾಳಿಗೆ ಸೈಕಲ್ಲಿನಲ್ಲಿ ಹೋಗುವವರನ್ನು ಬೀದಿನಾಯಿಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು. ಎಷ್ಟೋ ಜನ ಕಾಲು ಮೇಲೆತ್ತಿ ಹ್ಯಾಂಡಲಿನ ಮೇಲಿಟ್ಟುಕೊಂಡು ಸವಾರಿ ಮಾಡುವುದನ್ನು ಕಲಿತಿದ್ದರು. ಮೀಟಿಂಗಿನ ಅಧ್ಯಕ್ಷರು ನಮ್ಮ ಎದುರುಮನೆಯ ವೆಂಕಟರಾಮಯ್ಯನವರು. ಕ್ವಾರ್ಟರ್ಸಿನ ನಲ್ಲಿ, ಸುಣ್ಣ, ಜಗಳ ಎಲ್ಲವನ್ನೂ ನೋಡಿಕೊಳ್ಳುವ ಎಸ್ಟೇಟ್ ಆಫೀಸಿನ ಸೂಪರಿಂಟೆಂಡೆಂಟರು. ನಗರಸಭೆಗೆ ಬರೆಯೋಣವೆಂದು ಅವರು ಹೇಳುವಷ್ಟರಲ್ಲಿ ನಮ್ಮವರು ಎದ್ದು ನಿಂತರು.

"ಬೇಡ ಸಾರ್. ಕಲ್ಲು ಬೇಡ, ಕೋಲು ಬೇಡ. ನಾನು ವಿಜ್ಞಾನದಿಂದ ಓಡಿಸ್ತೀನಿ."

ಚಪ್ಪಾಳೆ ಬಿತ್ತು. ಆವತ್ತಿನಿಂದ ಬ್ಯಾಟರಾಯಪ್ಪ ಎಂಬ ನಮ್ಮವರ ಹೆಸರು ಹೋಗಿ 'ಸೈಂಟಿಸ್ಟ್' ಎಂದಾಯಿತು. ಕರೆದವರು ಗೇಲಿಗೆ ಕರೆದಿದ್ದರು. ಅವರು ಮನಸಾರೆ ಓಗೊಟ್ಟರು.

ಪೀಪಿ ಮಾಡಿಕೊಟ್ಟವರು ಪಕ್ಕದ ಮನೆಯ ನೂರುಲ್ಲಾ. ಕಾರ್ಖಾನೆಯಲ್ಲಿ ಲೇತಿನ ಮೇಲೆ ಕೆಲಸ. ಊಟದ ವಿರಾಮದಲ್ಲಿ ಬಿಸಾಡಿದ ಹಿತ್ತಾಳೆಯ ತುಂಡೊಂದನ್ನು ಕೊರೆದು, ದನಿ ಏರಿಸಿ ಇಳಿಸಲು ಕೊನೆಯಲ್ಲೊಂದು ಸ್ಕ್ರೂ ಇಟ್ಟು, ಮುದ್ದಾಗಿ ತಿಕ್ಕಿ ತಂದರು. ಊದಿದರೆ ಅದು ಕೋಗಿಲೆಯಂತೆ ಕೂಗಿತು.

"ಕೂಗ್ತಾ ಇದೆಯಲ್ಲ ಸಾಬ್ರೇ," ಎಂದರು ನಮ್ಮವರು ಬೇಸರದಿಂದ.

"ಪೀಪಿ ಅಂದ್ರೆ ಕೂಗ್ಬೇಕಲ್ಲ ಅಣ್ಣ."

"ಇದು ಕೂಗ್ಬಾರ್ದು. ಇನ್ನೂ ಸಣ್ಣ ಮಾಡಿ."

ಪಾಪ, ನೂರುಲ್ಲಾ ಹುಟ್ಟಿದಾಗಿನಿಂದ ಕೆಲಸ ಮಾಡುವ ವಸ್ತುಗಳನ್ನೇ ಮಾಡಿಕೊಂಡು ಬಂದವರು. ಕೊಳವೆ ಚಿಕ್ಕದಾಗುತ್ತ ಆಗುತ್ತ ಒಂದು ದಿನ ಪೂರ್ತಿ ಮೂಕವಾಯಿತು. ನೂರುಲ್ಲಾ ಸೋತ ಮುಖ ಮಾಡಿ ಅದನ್ನು ಮುಂದಿಟ್ಟರೆ ನಮ್ಮವರು ಅವರನ್ನು ತಬ್ಬಿಕೊಂಡರು. "ಈ ಮನುಷ್ಯ ಒಳ್ಳೆಯವನೇ," ಎಂದು ನೂರುಲ್ಲಾ ತಮ್ಮ ಹೆಂಡತಿ ಫರೀದಾಳಿಗೆ ಹೇಳಿದರಂತೆ. "ಆದರೆ ಕೆಟ್ಟುಹೋದ ಸಾಮಾನು ಕಂಡ್ರೆ ಅವನಿಗೆ ಖುಷಿ ಜಾಸ್ತಿ."

ಇಲ್ಲಿ ಲಚ್ಚಿಯ ವಿಷಯ ಹೇಳಬೇಕು. ಹೇಳದಿದ್ದರೆ ಪೀಪಿಯ ಕಥೆ ಅರ್ಧ ಹಾಳೆಯದಾಗುತ್ತದೆ.

ಲಚ್ಚಿ, ಎಂದರೆ ಮುನಿಲಕ್ಷ್ಮಿ, ನಮ್ಮ ಒಬ್ಬಳೇ ಮಗಳು. ಶಾಲೆಗೆ ಸೇರಿಸುವ ವಯಸ್ಸು. ಆ ಬೇಸಿಗೆಯಲ್ಲಿ ಅವಳನ್ನು ಕಾಲೋನಿಯ ಶಾಲೆಗೆ ಕರೆದುಕೊಂಡು ಹೋಗಿದ್ದೆವು. ಹೆಡ್‌ಮಿಸ್ ಹೆಸರು ಕೇಳಿದರು, ಬಣ್ಣ ಕೇಳಿದರು, ಹಸು ಏನು ಕೊಡುತ್ತದೆಂದು ಕೇಳಿದರು. ಲಚ್ಚಿ ಅವರ ಮುಖ ನೋಡುತ್ತ ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ನಮ್ಮವರು ನೆರವಾಗಲು, "ಹೇಳು ಪುಟ್ಟಾ, ಹಸು ಏನ್ ಕೊಡುತ್ತೆ," ಎಂದು ಅವರ ಮಟ್ಟಿಗೆ ಮೆಲ್ಲಗೆ ಹೇಳಿದರು. ಪಕ್ಕದ ತರಗತಿಯ ಮಕ್ಕಳೆಲ್ಲ ಒಟ್ಟಿಗೆ "ಹಾಲೂ" ಎಂದರು. ಲಚ್ಚಿ ಕಿವಿ ಮುಚ್ಚಿಕೊಂಡಳು.

"ಈ ಮಗೂಗೆ ಕಿವಿ ಕೇಳಿಸಲ್ಲ ಅನ್ಸುತ್ತಮ್ಮ," ಎಂದು ಹೆಡ್‌ಮಿಸ್ ನನ್ನನ್ನು ಬದಿಗೆ ಕರೆದು ಹೇಳಿದರು. ಕೆಟ್ಟವರಲ್ಲ, ಮಾತಿನಲ್ಲಿ ಕನಿಕರವೇ ಇತ್ತು. "ಶಾಲೆ ಶುರುವಾಗೋ ಹೊತ್ತಿಗೆ ನನ್ನೆದುರು ಗಟ್ಟಿಯಾಗಿ ಒಂದು ಮಾತಾಡ್ಲಿ, ಸೇರಿಸ್ಕೋತೀನಿ. ಇಲ್ಲಾಂದ್ರೆ ಊರಾಚೆ ಇಂಥ ಮಕ್ಕಳಿಗೇ ಅಂತ ಒಂದು ಶಾಲೆ ಇದೆ. ಹಾಸ್ಟೆಲ್ಲೂ ಇದೆ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

ಹಾಸ್ಟೆಲ್ ಎಂಬ ಮಾತು ನನ್ನ ಜೊತೆಗೇ ಮನೆಗೆ ಬಂತು. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಅದು ಪಕ್ಕದಲ್ಲೇ ಇರುತ್ತಿತ್ತು.

ಲಚ್ಚಿಗೆ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಅವಳು ನನ್ನ ಕಿವಿಯಲ್ಲಿ ಮಾತಾಡುತ್ತಿದ್ದಳು, ಉಸಿರಿನಷ್ಟೇ ದನಿಯಲ್ಲಿ. ಗೌರಮ್ಮನ ಹಸು ಪಂಪ್‌ಹೌಸಿನ ತಿರುವಿಗೆ ಬಂತೆಂದು ಹೇಳುವಳು. ನಾನು ಹಾಲಿನ ಪಾತ್ರೆ ತೊಳೆದಿಡುವಷ್ಟರಲ್ಲಿ ಹಸು ಬಂದಿರುತ್ತಿತ್ತು. ಅಪ್ಪನ ಕಾರ್ಖಾನೆ ಬಸ್ಸು ಬಂತೆನ್ನುವಳು. ಕಾಫಿಗೆ ನೀರಿಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಇದನ್ನು ಹೇಳಿದರೆ ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ತಾಯಿಯ ಕರುಳು, ಎನ್ನುತ್ತಿದ್ದರು.

ಸುದ್ದಿ ಹಬ್ಬಿದ ಮೇಲೆ ಕಾಲೋನಿಯವರೆಲ್ಲ ತಾವೇ ಕಿವಿಯ ಡಾಕ್ಟರಾದರು. ಯಾರು ಬಂದರೂ ಚಪ್ಪಲಿ ಗೇಟಿನಲ್ಲೇ ಬಿಟ್ಟು, ತುದಿಗಾಲಿನಲ್ಲಿ ನಡೆದು, ಲಚ್ಚಿಯ ಬೆನ್ನ ಹಿಂದೆ ನಿಂತು ಏನಾದರೊಂದು ಬಡಿಯುವುದು ರೂಢಿಯಾಯಿತು. ವೆಂಕಟರಾಮಯ್ಯನವರ ಹೆಂಡತಿ ಸುಬ್ಬಲಕ್ಷ್ಮಮ್ಮನವರು ದೇವರ ಜಾಗಟೆ ತಂದರು. ಫರೀದಾ ಕುಕ್ಕರಿನ ಮುಚ್ಚಳ ತಂದಳು. ಗೌರಮ್ಮ ಏನೂ ತರದೆ ಬರೀ ಕಿರುಚಿದಳು. ಲಚ್ಚಿ ಬೆಚ್ಚಲಿಲ್ಲ, ತಿರುಗಲೂ ಇಲ್ಲ. ಹೋದವರೆಲ್ಲ ತಲೆ ಅಲ್ಲಾಡಿಸಿಕೊಂಡು ಹೋದರು. ಅವರು ಗೇಟು ತೆಗೆದದ್ದು, ಚಪ್ಪಲಿ ಬಿಟ್ಟದ್ದು, ಉಸಿರು ಬಿಗಿಹಿಡಿದದ್ದು ಎಲ್ಲ ಮೊದಲೇ ಕೇಳಿಸಿದವಳು ಯಾಕೆ ಬೆಚ್ಚಬೇಕು? ಜಾಗಟೆ ಮೇಲೆದ್ದಾಗಲೇ ಕಿವಿಗೆ ಕೈ ಹೋಗಿರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ನಮ್ ಕಡೆ ಮಕ್ಳು ತಡವಾಗೇ ಮಾತಾಡೋದು," ಎಂದು ನಮ್ಮತ್ತೆ ಎಲ್ಲರಿಗೂ ಹೇಳುತ್ತಿದ್ದರು. "ಅದ್ಕ್ಯಾಕೆ ಇಂಗೆ ಮನೆ ಮುಂದೆ ಜಾಗಟೆ ಬಡೀತೀರಿ, ನಾನಿನ್ನೂ ಸತ್ತಿಲ್ಲ."

ಇನ್ನು ನಮ್ಮವರ ಮಾತು. ಅವರಿದ್ದದ್ದು ಪ್ರೆಸ್ ಷಾಪಿನಲ್ಲಿ. ಅಲ್ಲಿ ದಿನವಿಡೀ ಯಂತ್ರಗಳು ತಗಡು ಬಡಿಯುತ್ತಿರುತ್ತವೆ. ಪಕ್ಕದಲ್ಲಿರುವವನ ಹತ್ತಿರ ಬೆಂಕಿಪೊಟ್ಟಣ ಕೇಳಬೇಕಾದರೂ ಕೂಗಬೇಕು. ಮದುವೆಯಾದ ಹೊಸತರಲ್ಲಿ ಅವರು ಮೆಲುದನಿಯ ಮನುಷ್ಯ. ನನ್ನನ್ನು ಕರೆದರೆ ಪಕ್ಕದ ಕೋಣೆಯ ಅತ್ತೆಗೂ ಕೇಳುತ್ತಿರಲಿಲ್ಲ. ಆಮೇಲೆ ವರ್ಷ ವರ್ಷ ದನಿ ಏರಿತು. ಈಗ ಊಟಕ್ಕೆ ಕೂತು "ಉಪ್ಪು" ಎಂದರೆ ಪಕ್ಕದ ಮನೆಯಿಂದ ಫರೀದಾ ಉಪ್ಪಿನ ಡಬ್ಬಿ ಹಿಡಿದು ಬಂದುಬಿಡುತ್ತಿದ್ದಳು. ರೇಡಿಯೋ ವಾರ್ತೆಯನ್ನು ನಮ್ಮ ಮನೆಯಲ್ಲಿ ಹಾಕಿದರೆ ಸಾಲಿನವರೆಲ್ಲ ಕೇಳುತ್ತಿದ್ದರು. ಇದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಕಿವಿ ಹೇಗಿದೆಯೆಂದು ಯಾರಿಗೆ ತಾನೇ ಗೊತ್ತಿರುತ್ತದೆ? ಲೋಕವೇ ಈಚೆಗೆ ಸ್ವಲ್ಪ ಗೊಣಗುತ್ತಿದೆ ಎಂದುಕೊಳ್ಳುತ್ತೇವೆ.

ಪೀಪಿ ಬಂದ ಸಂಜೆ ಊಟಕ್ಕೆ ಕೂತಾಗ ಅವರು ಲಚ್ಚಿಯನ್ನು ಎದುರಿಗೆ ಕೂರಿಸಿಕೊಂಡು ತಾವು ಓದಿದ್ದನ್ನೆಲ್ಲ ಹೇಳಿದರು. ಕೇಳಿಸದ ಮಗುವಿಗೆ ಹೇಳುತ್ತಿದ್ದೇನೆಂಬ ದುಃಖದಲ್ಲಿ ಇನ್ನಷ್ಟು ಜೋರಾಗಿ ಹೇಳಿದರು. ಇಡೀ ಸಾಲು ಆ ಪಾಠ ಕೇಳಿತು.

"ಬೆಕ್ಕು ಇದೆಯಲ್ಲ ಪುಟ್ಟಾ, ಗೋಡೆ ಒಳಗೆ ಇಲಿ ಮರಿ ಕುಂಯ್ ಅಂದ್ರೂ ಅದಕ್ಕೆ ಕೇಳಿಸುತ್ತೆ. ಬಾವಲಿ ಕೂಗಿ, ಆ ಕೂಗು ಗೋಡೆಗೆ ಬಡಿದು ವಾಪಸ್ ಬಂದಿದ್ದನ್ನ ಕೇಳಿ ದಾರಿ ಕಂಡ್ಕೊಳ್ಳುತ್ತೆ."

"ಯಾಕೆ, ಕಣ್ಣಿಲ್ವಾ ಅದ್ಕೆ?" ಎಂದರು ಅತ್ತೆ.

"ಇದೆ ಕಣಮ್ಮ. ಆದ್ರೂ ಕೂಗುತ್ತೆ. ನಮಗೆ ಆ ಕೂಗು ಕೇಳಿಸಲ್ಲ, ಅಷ್ಟೇ. ಇನ್ನು ಹಾವು. ಹಾವಿಗೆ ನೀನು ಎಷ್ಟು ಮಾತಾಡಿದ್ರೂ ಗೊತ್ತಾಗಲ್ಲ. ಆದ್ರೆ ನೆಲ ಕುಟ್ಟಿದ್ರೆ ಮೈಯಿಂದ ತಿಳ್ಕೊಳ್ಳುತ್ತೆ. ಹಿಂಗೆ." ಅವರು ಅಂಗಾಲಿನಿಂದ ನೆಲ ಕುಟ್ಟಿ ತೋರಿಸಿದರು. ತಟ್ಟೆಗಳು ಅಲುಗಿದವು.

ಲಚ್ಚಿ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಅಪ್ಪನ ಕಿವಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ಅಮ್ಮಾ, ಮರದಲ್ಲಿರೋ ಬಾವಲಿ ಕೂಗೋದು ನಂಗೆ ಕೇಳಿಸುತ್ತೆ," ಎಂದಳು.

"ಅಪ್ಪಂಗೆ ಹೇಳೋಗು," ಎಂದೆ.

ಅವಳು ಹೋದಳು. ಅಪ್ಪನ ತೊಡೆ ಹತ್ತಿ ಕುತ್ತಿಗೆ ಹಿಡಿದು, ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಅವಳ ತುಟಿ ಆಡುವುದು ನನಗೆ ಕಾಣುತ್ತಿತ್ತು. ನಮ್ಮವರು ಕಿಲಕಿಲ ನಕ್ಕು ತಲೆ ಪಕ್ಕಕ್ಕೆ ಎಳೆದುಕೊಂಡರು.

"ನೋಡೇ ಇವಳನ್ನ. ಕಿವೀಲಿ ಗಾಳಿ ಊದ್ತಾಳೆ. ಕಚಗುಳಿ ಆಗುತ್ತೆ ಕಣೇ ಪುಟ್ಟಾ."

ಲಚ್ಚಿ ಕೆಳಗಿಳಿದು ನನ್ನ ಕಡೆ ನೋಡಿದಳು. ಆ ಕಣ್ಣಲ್ಲಿ ಏನೋ ಒಂದು ಪ್ರಶ್ನೆ ಇತ್ತು. ಏನೆಂದು ಕೇಳುವಷ್ಟರಲ್ಲಿ ಒಲೆಯ ಮೇಲೆ ಸಾರು ಉಕ್ಕಿತು. ನನ್ನ ಸಂಸಾರದಲ್ಲಿ ಯಾವ ಮುಖ್ಯ ಮಾತೂ ಸಾರಿಗಿಂತ ಮೊದಲು ಉಕ್ಕಿದ್ದಿಲ್ಲ.

ಮರುದಿನದಿಂದ ಲಚ್ಚಿ ಹೊಸದೊಂದು ಅಭ್ಯಾಸ ಶುರುಮಾಡಿದಳು. ಅಪ್ಪ ಮನೆಯಲ್ಲಿದ್ದರೆ ಅವರ ಹತ್ತಿರ ಹೋಗಿ ಧಪ್ಪೆಂದು ಕಾಲು ಕುಟ್ಟುವಳು. ಅವರು ತಿರುಗಿ ನೋಡಿದರೆ ಮುಖ ಅರಳುತ್ತಿತ್ತು. "ಹೆಣ್ಮಗ ಅಂಗೆ ನೆಲ ಕುಟ್ಟಬಾರ್ದು ಕಣೇ, ಭೂಮ್ತಾಯಿ," ಎಂದು ಅತ್ತೆ ಗದರಿಸಿದರು. ಅವಳು ಬಿಡಲಿಲ್ಲ.

ಇತ್ತ ಪೀಪಿಯ ಕೆಲಸ ಶುರುವಾಯಿತು. ಮೊದಲ ಪಾಳಿಯವರು ಸೈಕಲ್ ಹತ್ತುವ ಹೊತ್ತಿಗೆ ನಮ್ಮವರು ರಸ್ತೆಯ ನಡುವೆ ನಿಂತು ಊದಿದರು. ನಾಯಿಗಳು ಓಡಿದವು, ನಿಜ. ಆದರೆ ನಮ್ಮವರ ಕಡೆಗೆ ಓಡಿದವು. ಮೋರಿಯಿಂದ, ನೀರಿನ ಟ್ಯಾಂಕಿನ ಕೆಳಗಿನಿಂದ, ಬಸ್‌ಸ್ಟಾಪಿನಿಂದ, ನಾವು ಎಂದೂ ಕಂಡಿರದ ನಾಯಿಗಳೆಲ್ಲ ಬಂದು ಅವರ ಸುತ್ತ ಕೂತು, ತಲೆ ಓರೆ ಮಾಡಿ, ಮುಂದೇನೆಂದು ಕೇಳುವಂತೆ ನೋಡಿದವು. ಇನ್ನೂ ಜೋರಾಗಿ ಊದಿದರೆ ಓಡಿಹೋಗಬಹುದೆಂದು ಅವರು ಇನ್ನೂ ಜೋರಾಗಿ ಊದಿದರು. ನಾಯಿಗಳು ಇನ್ನೂ ಹತ್ತಿರ ಬಂದವು.

ಸೈಕಲ್ಲಿನವರಿಗೆ ಮಾತ್ರ ಲಾಭವಾಯಿತು. ನಾಯಿಗಳೆಲ್ಲ ನಮ್ಮವರ ಹಿಂದೆ ಹೋದದ್ದರಿಂದ ಅವರು ಕಾಲು ಕೆಳಗಿಟ್ಟೇ ಪೆಡಲ್ ತುಳಿದರು. ನಮ್ಮವರು ಬಸ್ಸು ಹತ್ತದೆ ನಡೆದೇ ಕಾರ್ಖಾನೆಯ ಗೇಟಿಗೆ ಹೋದಾಗ ಹಿಂದೆ ಒಂದು ಮೆರವಣಿಗೆಯೇ ಇತ್ತು. ಗೇಟಿನ ಕಾವಲುಗಾರ ಎದ್ದು ನಿಂತು, "ಇವರಿಗೆಲ್ಲ ಪಾಸ್ ಇದೆಯಾ ಸೈಂಟಿಸ್ಟ್?" ಎಂದು ಕೇಳಿದನಂತೆ.

ಅಷ್ಟರಲ್ಲಿ ಗೌರಮ್ಮ ತನ್ನ ಹಸುವಿಗೆ ದೃಷ್ಟಿಯಾಗಿದೆಯೆಂದು ನಮ್ಮ ಸಾಲಿಗೆ ಬರುವುದನ್ನೇ ನಿಲ್ಲಿಸಿದ್ದಳು. ಸುಬ್ಬಲಕ್ಷ್ಮಮ್ಮನವರ ಮನೆಯಲ್ಲಿ ಪಿಂಕಿ ಎಂಬ ಬಿಳಿಯ ಪಾಮರೇನಿಯನ್ ನಾಯಿ ಇತ್ತು. ಅದು ಜನ್ಮದಲ್ಲೇ ಬೀದಿಯ ಮಣ್ಣು ಮೆಟ್ಟದ ಪ್ರಾಣಿ. ಒಂದು ಬೆಳಗ್ಗೆ ಕಾಣೆಯಾಯಿತು. ಸುಬ್ಬಲಕ್ಷ್ಮಮ್ಮನವರು ಊಟ ಬಿಟ್ಟರು. ಸಂಜೆ ನಾನು ಬಚ್ಚಲಿಗೆ ನೀರು ತುಂಬಲು ಹೋದರೆ ಪಿಂಕಿ ನಮ್ಮ ಹಂಡೆಯ ಹಿಂದೆ ಮಸಿ ಮೆತ್ತಿಕೊಂಡು ಕೂತಿತ್ತು.

ವೆಂಕಟರಾಮಯ್ಯನವರು ವಿಚಾರಣೆಗೆ ಖುದ್ದಾಗಿ ಬಂದರು. ನಾನು ಕಾಫಿ ಇಟ್ಟೆ.

"ಬ್ಯಾಟರಾಯಪ್ಪನವ್ರೇ, ನೀವು ಬೆಳಗ್ಗೆ ಬೆಳಗ್ಗೆ ಏನೋ ಊದ್ತೀರಂತೆ."

"ಹೌದು ಸಾರ್."

"ಸದ್ದು ಮಾಡಿ ನೆರೆಯವರಿಗೆ ತೊಂದರೆ ಕೊಡಬಾರ್ದು ಅಂತ ಕ್ವಾರ್ಟರ್ಸ್ ರೂಲ್ಸಲ್ಲಿದೆ."

"ನಿಮಗೆ ಸದ್ದು ಕೇಳಿಸ್ತಾ ಸಾರ್?"

"ಇಲ್ಲ."

"ಅಮ್ಮಾವ್ರಿಗೆ?"

"ಅವಳಿಗೂ ಇಲ್ಲ. ಪಿಂಕಿಗೆ ಕೇಳಿಸ್ತು."

"ಪಿಂಕಿ ಹೆಸರಲ್ಲಿ ಕ್ವಾರ್ಟರ್ಸ್ ಇಲ್ವಲ್ಲ ಸಾರ್."

ವೆಂಕಟರಾಮಯ್ಯನವರು ಕಾಫಿ ಲೋಟ ಹಿಡಿದುಕೊಂಡು ಗಂಭೀರವಾಗಿ ಯೋಚಿಸಿದರು. ಇಲ್ಲದ ಸದ್ದನ್ನು ನಿಷೇಧಿಸುವ ರೂಲ್ಸು ಅವರ ಇಡೀ ಸರ್ವೀಸಿನಲ್ಲಿ ಬಂದಿರಲಿಲ್ಲ. ಕೊನೆಗೆ ಭಾನುವಾರ ಬೆಳಗ್ಗೆ ಮೈದಾನದಲ್ಲಿ ಎಲ್ಲರೆದುರು ಪರೀಕ್ಷೆಯಾಗಲಿ, ವಿಜ್ಞಾನ ಓದಿದ ಹೆಡ್‌ಮಿಸ್ ಬಂದು ತೀರ್ಪು ಕೊಡಲಿ, ಅಲ್ಲಿಯವರೆಗೆ ಪೀಪಿ ಪೆಟ್ಟಿಗೆಯಲ್ಲಿರಲಿ ಎಂದು ತೀರ್ಮಾನವಾಯಿತು.

ಸೋಮವಾರ ಶಾಲೆ ತೆರೆಯುವುದಿತ್ತು.

"ನೋಡು," ಎಂದರು ನಮ್ಮವರು, ಅವರು ಹೋದ ಮೇಲೆ. "ಹೆಡ್‌ಮಿಸ್ ಬರ್ತಾರೆ. ಪೀಪೀನ ಒಪ್ಕೊಂಡ್ರೆ ನಮ್ಮ ಮೇಲೆ ಒಂದು ಗೌರವ ಬರುತ್ತೆ. ಆಮೇಲೆ ನಾನೇ ಕೈಮುಗಿದು ಕೇಳ್ತೀನಿ, ನಮ್ಮ ಮಗೂನ ದೂರ ಕಳಿಸ್ಬೇಡಿ ಅಂತ. ನಮ್ಮ ಲಚ್ಚಿ ನಮಗೆ ಕೇಳಿಸದೇ ಇರೋ ಮಗು ಅಷ್ಟೇ, ಪೀಪಿ ಥರ, ಅಂತ ಹೇಳ್ತೀನಿ."

ಇಷ್ಟು ದಿನ ಆ ಹಿತ್ತಾಳೆ ಕೊಳವೆಯ ಮೇಲೆ ನನಗೆ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಅದನ್ನು ಹುಣಸೇಹಣ್ಣು ಹಾಕಿ ಬೆಳಗಿಟ್ಟೆ.

ಭಾನುವಾರ ಮೈದಾನ ತುಂಬಿತು. ಟೀವಿ ಇನ್ನೂ ನಮ್ಮ ಕಾಲೋನಿಗೆ ಬಂದಿರಲಿಲ್ಲವಾಗಿ ಜನ ಯಾವುದಕ್ಕೂ ಸೇರುತ್ತಿದ್ದರು. ಮಕ್ಕಳನ್ನು ಮುಂದೆ ಸಾಲಾಗಿ ಕೂರಿಸಿದ್ದರು. ಹೆಡ್‌ಮಿಸ್‌ಗೆ ಕುರ್ಚಿ ಹಾಕಿತ್ತು. ಲಚ್ಚಿಯ ಕೈ ಹಿಡಿದು ನಾನು ಆ ಕುರ್ಚಿಯ ಪಕ್ಕದಲ್ಲೇ ನಿಂತೆ. ಗೌರಮ್ಮ ಹಸುವನ್ನು ದೂರದ ಹುಣಸೆಮರಕ್ಕೆ ಕಟ್ಟಿ, ಅದರ ಕಿವಿಗೆ ಹಳೇ ಸೀರೆ ಸುತ್ತಿ ಬಂದಿದ್ದಳು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಡುವೆ ನಿಂತು ಊದಿದರು.

ಒಂದು ನಾಯಿಯೂ ಬರಲಿಲ್ಲ.

ಮತ್ತೆ ಊದಿದರು. ಬರಲಿಲ್ಲ. ಭಾನುವಾರವೆಂಬುದನ್ನು ವಿಜ್ಞಾನ ಮರೆತಿತ್ತು. ಬಸ್‌ಸ್ಟಾಪಿನ ಹಿಂದೆ ಜಮೀರನ ಮಟನ್ ಅಂಗಡಿ ತೆರೆದಿತ್ತು. ಜಾಲಹಳ್ಳಿಯ ಸಮಸ್ತ ನಾಯಿಗಳೂ ಅವನ ಕೊರಡಿನ ಮೇಲೆ ಮಚ್ಚು ಬೀಳುವ ಸದ್ದನ್ನೇ ಕೇಳುತ್ತ ಅಲ್ಲಿ ಸೇರಿದ್ದವು. ಪೀಪಿ ಅವಕ್ಕೆ ಕೇಳಿಸಿರಲಾರದು ಎಂದು ನಾನು ಹೇಳುವುದಿಲ್ಲ. ಕೇಳಿಸಿಯೂ ಬಾರದಿರುವುದು ಮನುಷ್ಯರೊಬ್ಬರಿಗೇ ಮೀಸಲೇ?

"ಏನ್ ಗುರು, ಪೀಪಿ ಇವತ್ತು ರಜಾನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

"ಅಣ್ಣ, ಸ್ಕ್ರೂ ಸ್ವಲ್ಪ ತಿರುಗಿಸಿ," ಎಂದರು ನೂರುಲ್ಲಾ, ಮೆಲ್ಲಗೆ. ನಮ್ಮವರು ಅತ್ತ ನೋಡಲೇ ಇಲ್ಲ. ನೂರುಲ್ಲಾ ಎದ್ದು ಹೋಗಿ, ದನಿ ಒಂದಿಷ್ಟು ಇಳಿಯುವಂತೆ ತಾವೇ ತಿರುಗಿಸಿ ಬಂದರು. ನಮ್ಮವರು ಊದುತ್ತಲೇ ಇದ್ದರು. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು. ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಕಿವಿ ಮುಚ್ಚಿಕೊಂಡರು. ದೊಡ್ಡವರಿಗೆ ಅದು ಇನ್ನೂ ತಮಾಷೆಯೆನಿಸಿತು.

"ಏಯ್, ದೊಡ್ಡವರನ್ನ ಅಣಕಿಸ್ತೀರಾ? ಕೈ ಕೆಳಗಿಳಿಸಿ," ಎಂದು ವೆಂಕಟರಾಮಯ್ಯನವರು ಗದರಿಸಿದರು.

ಹೆಡ್‌ಮಿಸ್ ಬಗ್ಗಿ ಹತ್ತಿರದ ಹುಡುಗನನ್ನು ಕೇಳಿದರು, "ಯಾಕೋ ಕಿವಿ ಮುಚ್ಕೊಂಡೆ?"

"ಚುಚ್ಚುತ್ತೆ ಮಿಸ್."

"ಏನು ಚುಚ್ಚೋದು?"

"ಪೀಪಿ, ಮಿಸ್."

ಅವರು ನಂಬದೆ ಸಾಲಿನುದ್ದಕ್ಕೂ ನೋಡಿಕೊಂಡು ಬಂದರು. ಅವರ ಕನ್ನಡಕ ನನ್ನ ಪಕ್ಕದಲ್ಲಿ ಬಂದು ನಿಂತಿತು. ಲಚ್ಚಿಯ ಎರಡೂ ಕೈ ಕಿವಿಯ ಮೇಲಿದ್ದವು. ನಮ್ಮವರು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ಕೈ ಇಳಿಯುತ್ತಿತ್ತು. ಮತ್ತೆ ಊದಿದಾಗ ಏರುತ್ತಿತ್ತು. ಅವಳು ಅತ್ತ ನೋಡುತ್ತಲೂ ಇರಲಿಲ್ಲ. ಅವಳ ಕಣ್ಣು ಹಸುವಿನ ಕಡೆಗಿತ್ತು.

"ಆವತ್ತು ಬಂದಿದ್ದ ಮಗು ಇದೇ ಅಲ್ವೇನಮ್ಮ?" ಎಂದರು ಹೆಡ್‌ಮಿಸ್ ನಿಧಾನವಾಗಿ.

"ಇದೇ ಮಿಸ್."

"ನಂಗೇ ಕೇಳಿಸ್ತಿಲ್ಲ," ಎಂದರು ಅವರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ, "ಆದ್ರೂ ಒಂದು ಮಾತು ಆಡ್ಬೇಕಿತ್ತು. ಶಾಲೆ ಅಂದ್ಮೇಲೆ ಮಾತಾಡ್ಬೇಕಲ್ಲಮ್ಮ."

ಅಷ್ಟರಲ್ಲಿ ವೆಂಕಟರಾಮಯ್ಯನವರು ಎದ್ದು ನಿಂತು, ಈ ಪೀಪಿಯಲ್ಲಿ ಸದ್ದೇ ಇಲ್ಲವೆಂದೂ, ಇದು ಸಭೆಯ ಸಮಯ ಹಾಳು ಮಾಡಿದೆಯೆಂದೂ ಘೋಷಿಸಿದರು. ಜನ ಏಳತೊಡಗಿದರು. ನಮ್ಮವರು ಮಾತ್ರ ನಿಂತಲ್ಲೇ ಊದುತ್ತಿದ್ದರು. ಈಗ ಅವರು ನಾಯಿಗಳಿಗಾಗಿ ಊದುತ್ತಿರಲಿಲ್ಲ. ಕಣ್ಣು ಹೆಡ್‌ಮಿಸ್ ಮೇಲಿತ್ತು. ಇನ್ನೊಂದು ಸಲ ಊದಿದರೆ, ಇನ್ನೊಂದೇ ಸಲ, ಯಾರಿಗಾದರೂ ಒಬ್ಬರಿಗೆ ಕೇಳಿಸೀತು ಎಂಬ ಆಸೆ ಆ ಕಣ್ಣಲ್ಲಿತ್ತು.

ಲಚ್ಚಿ ನನ್ನ ಕೈ ಬಿಡಿಸಿಕೊಂಡಳು.

ಕಿವಿ ಮುಚ್ಚಿಕೊಂಡೇ ನಡೆದು ಮೈದಾನದ ನಡುವೆ ಹೋದಳು. ಅಪ್ಪನ ಎದುರು ನಿಂತಳು. ಕೈ ಕೆಳಗಿಳಿಸಿದಳು. ಬಲಗಾಲು ಎತ್ತಿ, ತನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ, ನೆಲ ಕುಟ್ಟಿದಳು. ಕೆಮ್ಮಣ್ಣು ಎದ್ದಿತು. ನಮ್ಮವರು ಪೀಪಿ ಬಾಯಿಂದ ತೆಗೆದು ಕೆಳಗೆ ನೋಡಿದರು. ಎದ್ದವರು ಅಲ್ಲೇ ನಿಂತರು.

ಅವಳು ಈ ಸಲ ಅಪ್ಪನ ಕಿವಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಕತ್ತು ಮೇಲೆತ್ತಿ, ಹೆಡ್‌ಮಿಸ್‌ಗೆ, ವೆಂಕಟರಾಮಯ್ಯನವರಿಗೆ, ಹುಣಸೆಮರದ ಬಳಿಯ ಗೌರಮ್ಮನಿಗೆ, ಎಲ್ಲರಿಗಿಂತ ಮೊದಲು ಅಪ್ಪನಿಗೆ ಕೇಳಿಸುವ ಹಾಗೆ, ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ನಿಂಗೂ ಹಾವಿನ ಥರಾನೇನಾ ಕೇಳಿಸೋದು?"